ನೇಸರಗಿಯಲ್ಲಿ ನಾನು ಎರಡು ಸಲ ಬಿದ್ದದ್ದು

ಬೀಳುವುದು ಬಹಳ ಸುಲಭದ ಕೆಲಸ ಎಂದು ನಾನು ನಲವತ್ತಾರು ವರ್ಷ ನಂಬಿಕೊಂಡು ಬಂದಿದ್ದೆ. ಅದಕ್ಕೆ ಅರ್ಜಿ ತುಂಬಬೇಕಿಲ್ಲ, ಪರೀಕ್ಷೆ ಬರೆಯಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಕಾಲು ಸಡಿಲ ಬಿಟ್ಟರೆ ಸಾಕು, ಉಳಿದದ್ದನ್ನು ಭೂಮಿಯೇ ನೋಡಿಕೊಳ್ಳುತ್ತದೆ. ಇಷ್ಟು ಸರಳವಾದ ಕೆಲಸವನ್ನು ಕೂಡ ಕೆಡಿಸಿದ ಕೀರ್ತಿ ಮಾತ್ರ ನನಗೇ ಸಲ್ಲಬೇಕು.

ನಾನು ಬೈಲಹೊಂಗಲದ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರೂ ಸಹಿಸಿರಲಾರರು. ಈ ವರ್ಷ ಕನ್ನಡದ ತಾಸುಗಳು ಕಡಿಮೆಯಾದಾಗ ಪ್ರಿನ್ಸಿಪಾಲರು ನನ್ನನ್ನು ಕರೆದು, ಮನಃಶಾಸ್ತ್ರದ ಪರಿಚಯ ಎಂಬ ಹೊಸ ಪೇಪರ್ ಬಂದಿದೆ, ಕಲಿಸಲು ಯಾರೂ ಇಲ್ಲ, ನೀವೇ ತೆಗೆದುಕೊಳ್ಳಿ ಎಂದರು. ನಾನು ಆ ವಿಷಯ ಓದಿದವನಲ್ಲ ಎಂದೆ. ಓದಿದವರು ಸಿಗುವುದಿಲ್ಲ, ಅದಕ್ಕೇ ನಿಮ್ಮನ್ನು ಕರೆದದ್ದು ಎಂದರು. ಜೊತೆಗೆ ಒಂದು ಷರತ್ತೂ ಇತ್ತು. ತಿಂಗಳ ಕೊನೆಯ ಸೋಮವಾರದವರೆಗೆ ವಿದ್ಯಾರ್ಥಿಗಳು ಪೇಪರ್ ಬದಲಿಸಬಹುದು. ಅವತ್ತು ಹದಿನೈದು ಮಂದಿ ಉಳಿಯದಿದ್ದರೆ ಪೇಪರ್ ಬಂದ್. ಪೇಪರ್ ಬಂದ್ ಆದರೆ ತಾಸು ಬಂದ್, ತಾಸು ಬಂದ್ ಆದರೆ ನಾನೂ ಬಂದ್. ನನ್ನ ಕ್ಲಾಸಿನಲ್ಲಿ ಇದ್ದವರು ಹದಿನಾರು ಮಂದಿ.

ಆದರೂ ನನಗೆ ಧೈರ್ಯವಿತ್ತು. ಅಚ್ಚಾದದ್ದನ್ನೆಲ್ಲ ನಂಬುವುದು ನನ್ನ ಹುಟ್ಟುಗುಣ. ಹೊರಗೆ ಬಿಸಿಲು ಸುಡುತ್ತಿದ್ದರೂ ಪೇಪರಿನಲ್ಲಿ ಮಳೆ ಎಂದು ಬರೆದಿದ್ದರೆ ಛತ್ರಿ ಹಿಡಿದು ಹೊರಡುವವನು ನಾನು. ಮುಂಜಾನೆ ಓದುವುದು, ಮಧ್ಯಾಹ್ನ ಕಲಿಸುವುದು ಎಂಬ ಪದ್ಧತಿ ಇಟ್ಟುಕೊಂಡೆ. ಗಂಟೆ ಬಾರಿಸಿ ಬಾರಿಸಿ ನಾಯಿಯ ಬಾಯಲ್ಲಿ ನೀರೂರಿಸುವ ಪಾಠ ಚೆನ್ನಾಗಿ ಹೋಯಿತು, ಏಕೆಂದರೆ ಅದು ಮುಗಿಯುವ ಹೊತ್ತಿಗೆ ಕಾಲೇಜಿನ ಗಂಟೆ ಹೊಡೆದು ಇಡೀ ಕ್ಲಾಸಿಗೆ ಕ್ಯಾಂಟೀನಿನ ಮಿರ್ಚಿ ನೆನಪಾಯಿತು. ನೆನಪು ಮತ್ತು ಮರೆವಿನ ಪಾಠದ ದಿನ ಪುಸ್ತಕವನ್ನೇ ಮನೆಯಲ್ಲಿ ಮರೆತು ಹೋದೆ. ಹುಡುಗರು ಅದನ್ನು ಪ್ರಾತ್ಯಕ್ಷಿಕೆ ಎಂದು ತಿಳಿದು ಮೆಚ್ಚಿಕೊಂಡರು.

ಎಡವಟ್ಟಾದದ್ದು ನಲವತ್ತೇಳನೆಯ ಪುಟದಲ್ಲಿ. ಒಬ್ಬ ಮನುಷ್ಯ ಎಲ್ಲರೆದುರು ಬಿದ್ದನೆಂದು ಇಟ್ಟುಕೊಳ್ಳಿ. ನೋಡುವವರು ಹೆಚ್ಚಾದಷ್ಟೂ ಎತ್ತುವವರು ಕಡಿಮೆ. ಇನ್ನೊಬ್ಬರು ಎತ್ತುತ್ತಾರೆ ಬಿಡು ಎಂದು ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡುತ್ತ ನಿಲ್ಲುತ್ತಾನೆ. ಇದಕ್ಕೆ ಪುಸ್ತಕದಲ್ಲಿ ಪ್ರೇಕ್ಷಕ ಪರಿಣಾಮ ಎಂಬ ಗಂಭೀರ ಹೆಸರಿದೆ. ನಾನು ಅಷ್ಟೇ ಗಂಭೀರವಾಗಿ ಓದಿ ಹೇಳಿದೆ. ಮೊದಲನೆಯ ಬೆಂಚಿನಿಂದ ರೇಣುಕಾ ಎದ್ದು ನಿಂತಳು. ಉಗರಗೋಳದ ಹುಡುಗಿ, ಪ್ರಶ್ನೆ ಕೇಳಲೆಂದೇ ಕಾಲೇಜಿಗೆ ಬರುವವಳು.

"ಸರ್, ಇದು ನಮ್ಮ ಕಡೆ ಹೊಂದೂದಿಲ್ರಿ. ನಮ್ಮೂರಾಗ ಗುಡ್ಡದ ಜಾತ್ರಿಗೆ ಬಂದವರು ಬಿಸಲಿಗೆ ಚಕ್ಕರ್ ಬಂದು ಬಿದ್ರ, ಎತ್ತಾಕ ನಾ ಮುಂದ ನೀ ಮುಂದ ಅಂತ ಜಗಳ ಆಡ್ತಾರ್ರಿ."

ಪುಸ್ತಕದಲ್ಲಿದೆ ಎಂದೆ. ಪುಸ್ತಕದವರು ಉಗರಗೋಳಕ್ಕೆ ಬಂದಿದ್ದರೇನು ಎಂದು ಕೇಳಿದಳು. ಮನುಷ್ಯನ ಮನಸ್ಸು ಎಲ್ಲ ಕಡೆಗೂ ಒಂದೇ ಎಂದೆ. ಕ್ಲಾಸು ನಕ್ಕಿತು. ರೇಣುಕಾ ಕುಳಿತುಕೊಳ್ಳುವ ಮೊದಲು ಇನ್ನೊಂದು ಮಾತು ಹೇಳಿದಳು: ಪುಸ್ತಕದ್ದು ನಮಗೆ ಹೊಂದುವುದಿಲ್ಲ ಎಂದರೆ ಓದುವುದಾದರೂ ಯಾಕೆ, ಪ್ರವಾಸೋದ್ಯಮದ ಪೇಪರಿನಲ್ಲಿ ಟ್ರಿಪ್ಪಾದರೂ ಕರೆದುಕೊಂಡು ಹೋಗುತ್ತಾರಂತೆ. ಅವಳ ಹಿಂದೆ ಐದು ತಲೆಗಳು ಹೌದೆಂದು ಅಲ್ಲಾಡಿದವು. ಹದಿನಾರರಲ್ಲಿ ಆರು ಹೋದರೆ ಎಷ್ಟು ಎಂಬ ಲೆಕ್ಕ ಬರಲಾರದಷ್ಟು ದಡ್ಡ ನಾನಲ್ಲ.

"ಟ್ರಿಪ್ ನಾನೂ ಒಯ್ತೇನಿ," ಎಂದೆ. "ನೇಸರಗಿಗೆ. ಸಂತಿ ದಿನಾ. ನಾನ ಬಿದ್ದು ತೋರಸ್ತೇನಿ."

ಬೈಲಹೊಂಗಲದಲ್ಲಿ ಬೀಳುವಂತಿರಲಿಲ್ಲ. ಇಲ್ಲಿ ನನ್ನ ಗುರುತಿನವರು ಬಹಳ, ವಿಜ್ಞಾನಕ್ಕೆ ಅಪರಿಚಿತರು ಬೇಕು. ಸಂತೆಯ ದಿನ ನೇಸರಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಷ್ಟು ಪ್ರೇಕ್ಷಕರಿದ್ದರೆ ಪರಿಣಾಮವೂ ಅಷ್ಟೇ ಜೋರಾಗಿರಬೇಕು ಎಂದು ಲೆಕ್ಕ ಹಾಕಿದೆ. ಯಾರಾದರೂ ಬಂದು ಎತ್ತಲು ಕನಿಷ್ಠ ಹತ್ತು ನಿಮಿಷ ಹಿಡಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಸಹಿ ಕೂಡ ಮಾಡಿದೆ.

ಹಿಂದಿನ ದಿನ ಮನೆಯಲ್ಲಿ ಗಾದಿ ಹಾಸಿ ಬೀಳುವ ಅಭ್ಯಾಸ ಮಾಡಿದೆ. ಹೆಂಡತಿ ಸುಮಂಗಲಾ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಮಷೀನು ತುಳಿಯುತ್ತಲೇ ನಾನು ಹನ್ನೊಂದು ಸಲ ಬಿದ್ದದ್ದನ್ನೂ ನೋಡಿ, ಎಲ್ಲವೂ ಸುಳ್ಳು ಕಾಣುತ್ತವೆ ಎಂದಳು. ಬೇಸರವಾಗಿ ಎದ್ದು ಹೊರಟವನು ಗಾದಿಯ ಅಂಚಿಗೆ ಎಡವಿ ಧಡ್ ಎಂದು ಬಿದ್ದೆ.

"ಈಗ ಬರೋಬರಿ ಬಿದ್ರಿ ನೋಡ್ರಿ," ಎಂದಳು.

ಸಂತೆಯ ದಿನ ರೇಣುಕಾ ಮತ್ತು ಅವಳ ಐವರು ಗೆಳತಿಯರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನೋಟುಬುಕ್ಕು ಹಿಡಿದು ಕುಳಿತರು. ಅವರಿಗೆ ನನ್ನ ಆದೇಶ ಸ್ಪಷ್ಟವಾಗಿತ್ತು. ನನ್ನ ಗುರುತಿದೆ ಎಂದು ತೋರಿಸಬಾರದು. ನಾನು ಕೂಗಿದರೂ ಏಳಬಾರದು, ಕೈ ಮಾಡಿದರೂ ಏಳಬಾರದು, ಸತ್ತರೂ ಏಳಬಾರದು. ಬರೆದುಕೊಳ್ಳುತ್ತಿರಬೇಕು, ಅಷ್ಟೇ. ಆದೇಶಗಳನ್ನು ಎಷ್ಟು ಚೆನ್ನಾಗಿ ಕೊಟ್ಟೆನೆಂದು ನನಗೇ ಹೆಮ್ಮೆಯಾಯಿತು.

ಜನ ದಟ್ಟವಾಗಿದ್ದ ಜಾಗ ನೋಡಿ, ಹಣೆಗೆ ಕೈ ಹಚ್ಚಿ, ಕಾಲು ಸಡಿಲ ಬಿಟ್ಟೆ.

ನೆಲ ಸಿಗಲಿಲ್ಲ! ನಾನು ಅರ್ಧಕ್ಕೆ ಬರುವಷ್ಟರಲ್ಲಿ ಎರಡು ಕೈ ನನ್ನ ಬಗಲಲ್ಲಿ ಬಂದವು, ಇನ್ನೆರಡು ಕಾಲು ಹಿಡಿದವು. ಶಾಸ್ತ್ರದ ಪ್ರಕಾರ ಹತ್ತು ನಿಮಿಷ ನೆಲದ ಮೇಲೆ ಬಿದ್ದಿರಬೇಕಾದವನು ಒಂದು ಕ್ಷಣವೂ ನೆಲ ಮುಟ್ಟದೆ ಗಾಳಿಯಲ್ಲಿ ಅಡ್ಡಲಾಗಿ ತೇಲತೊಡಗಿದೆ. ಉಳ್ಳಾಗಡ್ಡಿ ಮಾರುವ ಗಂಗವ್ವ ಎಂಬ ಮುದುಕಿ ತನ್ನ ರಾಶಿ ಬಿಟ್ಟು ಓಡಿಬಂದು, ಒಂದು ಗಡ್ಡೆಯನ್ನು ಗುದ್ದಿ ಮೂಗಿಗೆ ಹಿಡಿದಳು. ಮೂರ್ಛೆರೋಗ ಇರಬಹುದೆಂದು ಕಿರಾಣಿ ಅಂಗಡಿಯ ದಾವಲಸಾಬರು ತಮ್ಮ ಶಟರಿನ ಕೀಲಿಕೈ ಗೊಂಚಲನ್ನು ನನ್ನ ಮುಷ್ಟಿಯೊಳಗೆ ತುರುಕಿದರು. ಯಾರೋ ಚಪ್ಪಲಿ ಮೂಸಿಸಿದರು. ಬೆಲ್ಲದ ವ್ಯಾಪಾರಿ, ಸಕ್ಕರೆ ಇಳಿದಿದೆ ಎಂದು ಒಂದು ಹಳಕು ಬೆಲ್ಲ ಬಾಯಿಗೆ ಹಾಕಿದ. ಇಲ್ಲ, ಏರಿದೆ ಎಂದು ಇನ್ನೊಬ್ಬ ಬೆರಳು ಹಾಕಿ ಅದನ್ನು ಹೊರಗೆ ತೆಗೆದ. ಇಳಿದಿದೆಯೋ ಏರಿದೆಯೋ ಎಂಬ ಚರ್ಚೆ ಮುಗಿಯುವವರೆಗೆ ಬೆಲ್ಲ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂತು.

ನಾನು ಕಣ್ಣು ತೆರೆದು, ನನಗೇನೂ ಆಗಿಲ್ಲ, ಸುಳ್ಳು ಸುಳ್ಳೇ ಬಿದ್ದಿದ್ದೇನೆ ಎಂದೆ. ಪಾಪ, ಬಡಬಡಿಸುತ್ತಿದ್ದಾನೆ ಎಂದರು. ಇದು ಮನಃಶಾಸ್ತ್ರದ ಪ್ರಯೋಗ ಎಂದೆ. ತಲೆಗೇ ಏರಿದೆ ಎಂದು ತಣ್ಣೀರು ಸುರಿದರು. ಕೊನೆಗೆ ಚಹಾದಂಗಡಿಯ ಕಡೆ ಕೈ ಮಾಡಿ, ಬೇಕಾದರೆ ಅವರನ್ನು ಕೇಳಿರಿ, ಅವರು ನನ್ನ ವಿದ್ಯಾರ್ಥಿಗಳು ಎಂದು ಕೂಗಿದೆ. ನಲವತ್ತು ಜನ ಆ ಕಡೆ ತಿರುಗಿದರು. ನನ್ನ ಆರು ವಿದ್ಯಾರ್ಥಿನಿಯರು ನನ್ನನ್ನು ಈ ಜನ್ಮದಲ್ಲಿ ನೋಡಿಲ್ಲವೆಂಬಂತೆ ನೋಡಿ, ತಲೆ ತಗ್ಗಿಸಿ ಬರೆದುಕೊಂಡರು. ಹನ್ನೊಂದು ವರ್ಷದ ನನ್ನ ಸೇವೆಯಲ್ಲಿ ಇಷ್ಟು ವಿಧೇಯ ವಿದ್ಯಾರ್ಥಿಗಳನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಬೈಲಹೊಂಗಲದ ಬಸ್ಸಿನ ಕಂಡಕ್ಟರ್, ಇಂಥ ಕೇಸಿಗೆ ದೊಡ್ಡ ದವಾಖಾನೆಯೇ ಸರಿ ಎಂದು ತೀರ್ಪು ಕೊಟ್ಟ. ನನ್ನನ್ನು ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದರು. ತಲೆ ಗಂಗವ್ವನ ತೊಡೆಯ ಮೇಲೆ. ದಾವಲಸಾಬರೂ ಹತ್ತಿದರು, ಏಕೆಂದರೆ ಕೀಲಿಕೈ ನನ್ನ ಮುಷ್ಟಿಯಲ್ಲಿತ್ತು, ಅಂಗಡಿಗೆ ಕೀಲಿ ಹಾಕುವ ಉಪಾಯವಿರಲಿಲ್ಲ. ಬಸ್ಸು ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ತಮ್ಮ ಊರಿನ ನಿಲ್ದಾಣ ದಾಟಿ ಹೋಗುತ್ತಿದ್ದರೂ ಒಬ್ಬ ಪ್ರಯಾಣಿಕನೂ ಗೊಣಗಲಿಲ್ಲ. ಆ ಬಸ್ಸಿನಲ್ಲಿ ಮಲಗಿಕೊಂಡು, ನಲವತ್ತೇಳನೆಯ ಪುಟ ಬರೆದವರನ್ನು ನಾನು ಮನಸಾರೆ ಬೈದೆ.

ದವಾಖಾನೆಯಲ್ಲಿ ಡಾಕ್ಟರು ಎಲ್ಲ ನೋಡಿ, ಇವರು ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದಾರೆ ಎಂದರು. ಸುದ್ದಿ ಕೇಳಿ ಸುಮಂಗಲಾ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದಿದ್ದಳು. ಅವಳೇ ಎಲ್ಲರೆದುರು ನಿಜ ಹೇಳಿಬಿಟ್ಟಳು. ದಾವಲಸಾಬರು ನನ್ನ ಬೆರಳು ಒಂದೊಂದಾಗಿ ಬಿಡಿಸಿ ಕೀಲಿಕೈ ತೆಗೆದುಕೊಂಡರು. ಗಂಗವ್ವ ನನ್ನ ಮುಖ ನೋಡಿದಳು. ಸಂತೆಯ ದಿನ ರಾಶಿ ಬಿಟ್ಟು ಬಂದವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ತಮ್ಮಾ, ಬಿದ್ದವರನ್ನ ಕೇಳಿ ಎತ್ತೂದು ನಮಗ ಗೊತ್ತಿಲ್ಲ," ಎಂದಳು. "ಇನ್ನ ಮ್ಯಾಲೆ ಕೇಳಬೇಕಾಗ್ತೈತಿ ನೋಡು."

ಅಷ್ಟು ಹೇಳಿ ಸೆರಗಿನಿಂದ ಕೈ ಒರೆಸಿಕೊಂಡು ಹೋದಳು. ಬೈದಿದ್ದರೆ ನಾನು ಮರೆಯುತ್ತಿದ್ದೆ. ಆ ಮಾತು ಕೇಳಿದ ಮೇಲೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಮರುದಿನ ರೇಣುಕಾ ವರದಿ ಓದಿದಳು. ಸರ್ ಹೇಳಿದ ಸಮಯ ಹತ್ತು ನಿಮಿಷ. ಆದ ಸಮಯ, ಸರ್ ಬೀಳುವುದಕ್ಕಿಂತ ಒಂದು ಸೆಕೆಂಡು ಮೊದಲು. ತೀರ್ಮಾನ, ಪುಸ್ತಕ ಸುಳ್ಳು. ಆಮೇಲೆ ಆರು ಮಂದಿಯೂ ಪೇಪರ್ ಬದಲಿಸುವ ಅರ್ಜಿ ತುಂಬಿ ಬ್ಯಾಗಿನಲ್ಲಿಟ್ಟುಕೊಂಡರು. ಕೊಡುವುದು ತಿಂಗಳ ಕೊನೆಯ ಸೋಮವಾರ. ನಾನು ಮನೆಗೆ ಬಂದು, ಇನ್ನು ಗುಂಡಿ ಹೊಲಿಯುವುದನ್ನಾದರೂ ಕಲಿಸು ಎಂದು ಸುಮಂಗಲಾಳನ್ನು ಕೇಳಿದೆ.

ಅವಳು ಗುಂಡಿಯ ಬದಲು ಒಂದು ಸಂಚಿ ಹೊಲಿದು ಕೊಟ್ಟಳು. ನೀಲಿ ಬಟ್ಟೆಯ, ನಾಲ್ಕು ಜೇಬಿನ ಗಟ್ಟಿ ಸಂಚಿ. ಇದನ್ನು ಗಂಗವ್ವನಿಗೆ ಕೊಟ್ಟು ತಪ್ಪಾಯಿತೆಂದು ಹೇಳಿ ಬನ್ನಿ, ಕೆಲಸ ಹೋದರೆ ಹೋಗಲಿ ಎಂದಳು. ಹಾಗಾಗಿ ಮುಂದಿನ ಸಂತೆಗೆ ಮತ್ತೆ ನೇಸರಗಿಗೆ ಹೋದೆ. ಈ ಸಲ ಒಬ್ಬನೇ, ಯಾವ ಸಿದ್ಧಾಂತವೂ ಇಲ್ಲದೆ.

ಬಸ್ಸಿನಿಂದ ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿತು. ಈ ಸಲ ನೆಲ ಸಿಕ್ಕಿತು. ಪಾದದ ಹತ್ತಿರ ಲಟಕ್ ಎಂಬ ಸದ್ದು ನನಗೇ ಕೇಳಿಸಿತು. ನೋವಿಗೆ ಕಣ್ಣು ಕತ್ತಲೆಗಟ್ಟಿತು. ಕಣ್ಣು ತೆರೆದಾಗ ಸುತ್ತಲೂ ಜನ ನಿಂತಿದ್ದರು, ಆದರೆ ಮೂರು ಮಾರು ದೂರದಲ್ಲಿ. ಒಬ್ಬನೂ ಮುಂದೆ ಬರಲಿಲ್ಲ.

"ಅವರೇ, ಆ ಬೈಲಹೊಂಗಲದ ಸರ್. ಪ್ರಯೋಗ ಮಾಡಾಕತ್ತಾರ, ಬಿಡ್ರಿ," ಎಂದು ಯಾರೋ ಸಮಾಧಾನ ಹೇಳಿದರು.

ನಿಜವಾಗಿ ಬಿದ್ದಿದ್ದೇನೆ, ಕಾಲು ಮುರಿದಿದೆ ಎಂದು ಅರಚಿದೆ. ಹೋದ ವಾರಕ್ಕಿಂತ ಈ ವಾರ ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಬೆಲ್ಲದ ವ್ಯಾಪಾರಿ ಮೆಚ್ಚಿಕೊಂಡ. ದಾವಲಸಾಬರು ಕೀಲಿಕೈ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ಮೊಬೈಲ್ ತೆಗೆದು ವಿಡಿಯೋ ಹಚ್ಚಿದ. ಸುಳ್ಳು ಬಿದ್ದಿದ್ದೇನೆ ಎಂದಾಗ ನಂಬದಿದ್ದ ಜನ, ಖರೆ ಬಿದ್ದಿದ್ದೇನೆ ಎಂದಾಗಲೂ ನಂಬಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ನಲವತ್ತೇಳನೆಯ ಪುಟದಲ್ಲಿ ಹೇಗೆ ಬರೆದಿತ್ತೋ ಹಾಗೆಯೇ, ಒಂದಕ್ಷರವೂ ತಪ್ಪದೆ.

ನೋವಿಗಿಂತ ಆ ಮುಖಗಳನ್ನು ನೋಡಿ ನನಗೆ ಅಳು ಬಂತು. ಮುಚ್ಚುಮರೆಯಿಲ್ಲದೆ ಅತ್ತೆ.

ಜನರನ್ನು ಸರಿಸಿಕೊಂಡು ಗಂಗವ್ವ ಬಂದಳು. ಹತ್ತಿರ ಕುಳಿತಳು. ಆದರೆ ಕೈ ಚಾಚಲಿಲ್ಲ.

"ತಮ್ಮಾ, ಇವತ್ತು ಖರೇನೋ, ಸುಳ್ಳೋ?"

"ಖರೇನ ಯವ್ವಾ."

ನನ್ನ ಕಣ್ಣು ನೋಡಿದಳು, ಕಾಲು ನೋಡಿದಳು. "ಖರೇ ಐತಿ, ಎತ್ರೋ," ಎಂದಳು. ಆ ಮಾತಿಗೇ ಕಾಯುತ್ತಿದ್ದವರಂತೆ ನಲವತ್ತು ಜನ ಒಮ್ಮೆಲೇ ಮುಗಿಬಿದ್ದರು. ಕೀಲಿಕೈ ಮುಷ್ಟಿಗೆ ಬಂತು, ಬೆಲ್ಲ ಬಾಯಿಗೆ ಬಂತು. ಮುರಿದ ಕಾಲಿಗೆ ಉಳ್ಳಾಗಡ್ಡಿ ಮೂಸುವುದರಿಂದ ಏನು ಉಪಯೋಗ ಎಂದು ನಾನು ಕೇಳಲಿಲ್ಲ. ಹಿಡಿದಷ್ಟು ಹೊತ್ತೂ ಮನಸಾರೆ ಮೂಸಿದೆ. ಸಂಚಿಯನ್ನು, ಮತ್ತೆ ದವಾಖಾನೆಗೆ ಹೊರಟ ಬಸ್ಸಿನ ಕಿಟಕಿಯಿಂದಲೇ ಗಂಗವ್ವನ ಕೈಗೆ ಕೊಟ್ಟೆ.

ಸೋಮವಾರ ಪ್ಲಾಸ್ಟರ್ ಹಾಕಿದ ಕಾಲು ಎಳೆದುಕೊಂಡು, ಕೊನೆಯ ಕ್ಲಾಸೆಂದೇ ತಿಳಿದು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಕ್ಲಾಸಿನಲ್ಲಿ ಇಪ್ಪತ್ತೊಂದು ಮಂದಿ ಇದ್ದರು! ವಿಡಿಯೋ ನನಗಿಂತ ಮೊದಲು ಬೈಲಹೊಂಗಲ ಮುಟ್ಟಿತ್ತು. ಪ್ರವಾಸೋದ್ಯಮದಿಂದ ಐದು ಮಂದಿ ಈ ಕಡೆ ಬಂದಿದ್ದರು. ಅಲ್ಲಿ ಮಾಸ್ತರರು ಬೀಳುವುದಿಲ್ಲವಂತೆ. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿ, ಇಷ್ಟು ಕಳಕಳಿಯಿಂದ ಪಾಠ ಮಾಡುವವರನ್ನು ನೋಡಿರಲಿಲ್ಲ ಎಂದರು. ನನ್ನ ತಾಸುಗಳು ಉಳಿದವು.

ರೇಣುಕಾ ತನ್ನ ಅರ್ಜಿ ಹರಿದು ಎದ್ದು ನಿಂತಳು.

"ಸರ್, ವಿಡಿಯೋ ನೋಡಿ ಟೈಮ್ ಹಿಡಿದೀವ್ರಿ. ಹನ್ನೊಂದು ನಿಮಿಷ. ಪುಸ್ತಕ ಖರೇ ಐತ್ರಿ. ಆದ್ರ ಊರೂ ಅದೇ, ಮಂದಿನೂ ಅವರೇ. ಹೋದ ವಾರ ಸುಳ್ಳಾದದ್ದು ಈ ವಾರ ಖರೇ ಹೆಂಗಾತ್ರಿ? ನಡುವ ಏನ್ ಬದಲಾತು?"

ಇಡೀ ಕ್ಲಾಸು ಪೆನ್ನು ಎತ್ತಿಕೊಂಡು ಕಾಯಿತು. ನಾನು ಪುಸ್ತಕ ತೆರೆದು ನೋಡಿದೆ. ಅದರಲ್ಲಿ ಉತ್ತರ ಇರಲಿಲ್ಲ. ಪುಸ್ತಕ ಮುಚ್ಚಿ, ಕೋಲು ಊರಿಕೊಂಡು ಬೋರ್ಡಿನ ಕಡೆ ತಿರುಗಿದೆ.

"ನಡುವ ಒಬ್ಬ ಮಾಸ್ತರ ಬಂದು ಹೋಗಿದ್ದ," ಎಂದೆ. "ಬರಕೋರಿ."