ಪಾದದ ಸುದ್ದಿಯನ್ನು ತಲೆಗೆ ಮುಟ್ಟಿಸುವ ಬೆನ್ನುಹುರಿಯವರಿಗೆ

ಮುಕ್ಕಾಂ ಸವಣೂರು
೨೦ ಅಕ್ಟೋಬರ್ ೧೯೮೩

ಕುತ್ತಿಗೆಯಿಂದ ಸೊಂಟದವರೆಗೆ ವಿರಾಜಮಾನರಾದ ಮಾನ್ಯ ಬೆನ್ನುಹುರಿಯವರೇ,

ತಮ್ಮನ್ನು ಐವತ್ತೊಂಬತ್ತು ವರ್ಷ ಹೊತ್ತು ತಿರುಗಿದ ಗುರುರಾಜಾಚಾರನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗಕ್ಕೂ ತಾವೇ ಬಾಗಬೇಕಾದ್ದರಿಂದ ಅವು ಆಗಲೇ ತಲುಪಿರಬೇಕು.

ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ನಾನು ಸಾದಾ ತಂತಿಯನ್ನು ಒಂದು ದಿನವೂ ಅರ್ಜೆಂಟ್ ಎಂದು ಕಳಿಸಿದವನಲ್ಲ. ತಾವಾದರೋ, ನನಗೆ ಸಕ್ಕರೆ ಕಾಯಿಲೆ ಬಂದಂದಿನಿಂದ, ಪಾದಕ್ಕೆ ಧೋತರದ ಅಂಚು ತಾಗಿದ್ದನ್ನೂ ಕೆಂಡ ಬಿದ್ದಿದೆಯೆಂದು ತಲೆಗೆ ಮುಟ್ಟಿಸುತ್ತೀರಿ. ಇಂಥ ಚುರುಕುತನ ನನಗಿದ್ದಿದ್ದರೆ ಕಚೇರಿಯ ಹೆಡ್ ಆಗಿ ನಿವೃತ್ತನಾಗುತ್ತಿದ್ದೆ.

ಇಷ್ಟನ್ನು ಸಹಿಸಿದ್ದೆ. ಆದರೆ ವೈಶಾಖದಲ್ಲಿ ಮಗಳು ಗೋಪಿಕಾಳ ಮದುವೆಯಾಗಿ ಮೂರನೆಯ ದಿನ, ಹೊಸ ಅಳಿಯ, ಹಂಸಭಾವಿಯ ಜಯತೀರ್ಥರು ನನ್ನ ಪಾದ ಮುಟ್ಟಲು ಬಾಗಿದರು. ಬೆರಳು ತಾಗಿದ್ದೇ ತಡ, ತಮ್ಮ ಅರ್ಜೆಂಟ್ ತಂತಿಗೆ ಬೆದರಿ ಎರಡೂ ಕಾಲು ಎಳೆದುಕೊಂಡು "ಬ್ಯಾಡ, ಬ್ಯಾಡ" ಎಂದುಬಿಟ್ಟೆ. ಈ ಸಂಬಂಧಕ್ಕೆ ಮೊದಲು ಬೇಡವೆಂದಿದ್ದವನೂ ನಾನೇ. ಬೀಗರು ಮುಖ ಬಿಗಿದುಕೊಂಡು ಎದ್ದರು. "ಅಪ್ಪಾ, ಆಶೀರ್ವಾದ ಇಲ್ಲಂದ್ರ ಇಲ್ಲಾ ಅನ್ರಿ, ಕಾಲ್ಯಾಕ ಜಗ್ಗಿಕೊಂಡ್ರಿ?" ಎಂದು ಅತ್ತು ಹೋದ ಮಗಳು ಇನ್ನೂ ಕಾಗದ ಬರೆದಿಲ್ಲ. ಉರಿಯೆಂದು ನಾನು ಬರೆದರೆ ನಂಬುವವರಾರು? ಪಾದದಲ್ಲಿ ಗಾಯವಿಲ್ಲ, ಗುಳ್ಳೆಯಿಲ್ಲ.

ಡಾಕ್ಟರ್ ಕರೀಮಸಾಬರು ವಿಚಾರಿಸಿದಾಗ ನನ್ನ ತಪ್ಪೂ ಹೊರಬಿತ್ತು. ನಮಸ್ಕಾರದ ಹಿಂದಿನ ದಿನ ಏಕಾದಶಿ. ನೀರೂ ಒಳಗೆ ಹೋಗಬಾರದ ದಿನ ಇನ್ಸುಲಿನ್ ತೊಡೆಯಿಂದ ಹೋದರೂ ಉಪವಾಸ ಕೆಟ್ಟಂತೆಯೇ ಎಂದು ಪ್ರತಿ ಏಕಾದಶಿಗೂ ಸೂಜಿ ಬಿಡುತ್ತಿದ್ದೆ.

"ಸೂಜಿ ಊಟ ಅಲ್ರೀ ಆಚಾರ್ರ," ಎಂದರು ಡಾಕ್ಟರು. "ಇನ್ಸುಲಿನ್ ಬರೇ ಸಕ್ಕರಿ ಕಾಯ್ತದ ಅಂತ ತಿಳಿಬ್ಯಾಡ್ರಿ. ಬೆನ್ನುಹುರಿಯೊಳಗೂ ಅದರ ಮಾತು ನಡೀತದೇನೋ, ನೋವಿನ ಸುದ್ದಿ ತಡೀತದೇನೋ ಅಂತ ನನಗ ಗುಮಾನಿ. ಖಾತ್ರಿ ಹೇಳಾಂಗಿಲ್ಲ."

ತಮಗೂ ಒಬ್ಬ ಮೇಲಧಿಕಾರಿ ಇರಬಹುದೆಂದು ತಿಳಿದು ಸಂತೋಷವಾಯಿತು. ಅವರನ್ನು ತಿಂಗಳಿಗೆರಡು ದಿನ ನಾನೇ ರಜೆಯ ಮೇಲೆ ಕಳಿಸುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಮಗಳು-ಅಳಿಯನನ್ನು ಮೊದಲ ದೀಪಾವಳಿಗೆ ಕಳಿಸಲು ಬೀಗರು ಕಷ್ಟಪಟ್ಟು ಒಪ್ಪಿದ್ದಾರೆ. ಅದಕ್ಕೆ ಮುಂಚಿನ ಏಕಾದಶಿಯಂದು ನಾನು ಊಟವನ್ನೂ ಬಿಡುವುದಿಲ್ಲ, ಸೂಜಿಯನ್ನೂ ಬಿಡುವುದಿಲ್ಲ. ವೈಕುಂಠದಲ್ಲಿ ವಿಚಾರಣೆಯಾದರೆ ಖುದ್ದು ಹಾಜರಾಗುತ್ತೇನೆ. ತಾವು ಮಾತ್ರ ಒಂದೇ ಒಂದು ನಮಸ್ಕಾರದ ಹೊತ್ತು ತಂತಿ ಕೆಟ್ಟಿದೆಯೆಂದು ಫಲಕ ಹಾಕಿ ಕೂಡಬೇಕು. ಆಮೇಲೆ ಬೇಕಾದರೆ ಬಂಕಾಪುರದ ನವಿಲುಗಳೆಲ್ಲ ನನ್ನ ಪಾದದ ಮೇಲೆ ಕುಣಿದವೆಂದು ವರದಿ ಮಾಡಿಕೊಳ್ಳಿ.

ಬೇರೆ ಬೆನ್ನುಹುರಿ ಸಿಗದ ಕಾರಣ ಎಂದೆಂದಿಗೂ
ತಮ್ಮ ವಿಶ್ವಾಸಿ,
ಗುರುರಾಜಾಚಾರ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ದೀಪಾವಳಿ ಮುಗಿಯಿತು. ಅಳಿಯಂದಿರು ಬಾಗಿ ಪಾದ ಮುಟ್ಟಿದರು. ಉರಿ ಅರ್ಧಕ್ಕೆ ಇಳಿದಿತ್ತು. ಉಳಿದರ್ಧವನ್ನು ತಾವು ಚಾಚೂ ತಪ್ಪದೆ ಕಳಿಸಿದಿರಿ. ನಾನು ಕಾಲು ಎಳೆಯಲಿಲ್ಲ, ಕಣ್ಣಲ್ಲಿ ನೀರು ಬಂತು. "ನೋಡ್ರಿ, ಅಪ್ಪಗ ಎಷ್ಟು ಸಂತೋಷ ಆಗೇದ," ಎಂದು ಗೋಪಿಕಾ ಗಂಡನಿಗೆ ತೋರಿಸಿದಳು. ಅದು ಸುಳ್ಳೇನಲ್ಲ. ಉಳಿದ ಸುದ್ದಿಯನ್ನು ತಾವು ದಯವಿಟ್ಟು ಅವಳವರೆಗೆ ಮುಟ್ಟಿಸಬೇಡಿ.