ಮಾವನ ಬಾಯಲ್ಲಿ ‘ಬುದ್ಧಿ’

ನಮ್ಮ ಸೋದರಮಾವ ದೇವರನ್ನು ನಂಬುವುದಿಲ್ಲ ಎಂದರೆ ಅರ್ಧ ಸತ್ಯ. ನಂಬುವವರನ್ನೂ ಸುಮ್ಮನೆ ಬಿಡುವುದಿಲ್ಲ! ದಾವಣಗೆರೆಯ ಸರಸ್ವತಿ ನಗರದ ಅವರ ಮನೆಗೆ ಗಣಪತಿ ಚಂದಾ ಕೇಳಲು ಹೋದವರು, ಗಣಪತಿಯ ಮೇಲೇ ಅನುಮಾನ ಹೊತ್ತು ಮರಳುತ್ತಿದ್ದರು.

ಇಂಥವರು ಹೋದ ವರ್ಷ, “ಸ್ಕೂಟರ್ ತೆಗಿ, ಹರಿಹರದ ಮಠಕ್ಕೆ ಹೋಗಾಣ. ಸ್ವಾಮಿಗಳ್ನ ನೋಡ್ಬೇಕು” ಎಂದಾಗ ನಾನು ಗಾಬರಿಯಾದೆ. ಮಾವ ಹೀಗೆ ಹೊರಟಿದ್ದಕ್ಕೆ ಕಾರಣ ಅತ್ತೆ. ಕ್ಯಾನ್ಸರು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ನಮ್ಮಲ್ಲಿ ಸತ್ತವರ ಕೈಯಲ್ಲಿ ಅವರ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅತ್ತೆಗೆ ಲಿಂಗವೇ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಹರಿಹರದ ಸೇತುವೆಯ ಮೇಲೆ ವಾದಕ್ಕೆ ಬಿದ್ದು, ಅದನ್ನು ಹೊಳೆಗೆ ಎಸೆದವರು ಸಾಕ್ಷಾತ್ ಮಾವ! ಗೆದ್ದ ಖುಷಿಗೆ ಮಂಡಕ್ಕಿ ಮಿರ್ಚಿ ಬೇರೆ ಕೊಡಿಸಿದ್ದರಂತೆ. ಅತ್ತೆ ಮುಟ್ಟಲಿಲ್ಲ.

“ಕೊಟ್ಟ ಗುರುಗಳೇ ಇನ್ನೊಂದು ಕೊಟ್ರೆ ಆತು. ಬರಿಗೈಲಿ ಕಳಿಸಬ್ಯಾಡ್ರಿ” ಎಂದಷ್ಟೇ ಈಗ ಆಕೆ ಕೇಳಿದ್ದು.

ಆ ಗುರುಗಳೋ ಈಗ ಟಿ.ವಿ.ಯಲ್ಲಿ ಬರುವಷ್ಟು ದೊಡ್ಡವರು. ಮೊದಲ ದಿನ ಮಠದ ಆಫೀಸಿನಲ್ಲಿ ಚೀಟಿ ಕೊಟ್ಟರು. ‘ಭೇಟಿಯ ಉದ್ದೇಶ’ ಎಂಬಲ್ಲಿ ಮಾವ ‘ಚರ್ಚೆ’ ಎಂದು ಬರೆದರು. ಅರ್ಧ ಗಂಟೆಯಲ್ಲಿ ಗೇಟಿನಾಚೆ ಇದ್ದೆವು.

ಎರಡನೆಯ ಸಲ ಬಾಗಿಲವರೆಗೂ ಹೋದೆವು. ಅಲ್ಲಿದ್ದ ಸೇವಕ, “ಒಳಗೆ ಬುದ್ಧಿ ಅಂತ ಮಾತಾಡಿಸ್ರಿ” ಎಂದ. ನಮ್ಮ ಕಡೆ ಸ್ವಾಮಿಗಳನ್ನು ಕರೆಯುವುದೇ ಹಾಗೆ.

“ನನ್ನ ಬುದ್ಧಿ ನನ್ನ ತಲೆಯಾಗೈತ್ರಿ. ಅವರಿಗೆ ಸರ್ ಅಂತೀನಿ.”

“ಸರ್ ಅನ್ನಾಕೆ ಇದು ಸ್ಕೂಲ್ ಅಲ್ರಿ.”

ವಾದದಲ್ಲಿ ಮಾವನೇ ಗೆದ್ದರು. ಅಷ್ಟರಲ್ಲಿ ದರ್ಶನದ ಹೊತ್ತು ಮುಗಿದು ಬಾಗಿಲು ಮುಚ್ಚಿತು. ಮನೆಯಲ್ಲಿ ಅತ್ತೆ, ಮಾವನ ಮುಖ ನೋಡಿ ಗೋಡೆಯ ಕಡೆ ಹೊರಳಿದರು. ನನಗೆ ಮೈ ಉರಿಯಿತು. ಸಾಯುತ್ತಿರುವ ಹೆಂಡತಿಗಿಂತ ಒಂದು ಮಾತು ದೊಡ್ಡದೇ?

ಮೂರನೆಯ ಸಲ ಮಾವ ಬಾಗಿಲಲ್ಲಿ ವಾದಕ್ಕಿಳಿಯದೆ ಒಳಗೆ ಹೋದರು. ಸ್ವಾಮಿಗಳು, “ಏನಾಗ್ಬೇಕಪ್ಪ?” ಎಂದರು.

“ನಮ್ಮಾಕಿ ಲಿಂಗ ಹೊಳಿಗೆ ಒಗೆದಾವ ನಾನು... ಬುದ್ಧಿ.”

“ಬುದ್ಧಿ ಬರಾಕೆ ಎಷ್ಟು ವರ್ಷ ಹಿಡೀತು?”

“ಹದಿನೆಂಟು.”

ನನಗೆ ನಗು ಬಂದು ಕೆಮ್ಮಿದೆ. ಮಾವ ಅಳುತ್ತಿದ್ದರು. ಸ್ವಾಮಿಗಳು ಮತ್ತೇನೂ ಕೇಳದೆ ಲಿಂಗವೊಂದನ್ನು ತರಿಸಿ, ಪೂಜಿಸಿ ಕೊಟ್ಟರು.

ಮನೆಗೆ ಬಂದಾಗ ಅತ್ತೆಗೆ ಜೀವವಿತ್ತು, ಬಲವಿರಲಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟರೆ ಕೈ ವಾಲುತ್ತಿತ್ತು. ಮಾವ ನೆಲದ ಮೇಲೆ ಕೂತು, ಆಕೆಯ ಅಂಗೈ ಕೆಳಗೆ ತಮ್ಮ ಅಂಗೈ ಕೊಟ್ಟರು. ಅತ್ತೆ ಕಣ್ಣು ಮುಚ್ಚಿ ಪೂಜೆಗೆ ತೊಡಗಿದರು. ಮಾವ ಮುಚ್ಚಲಿಲ್ಲ, ಆಕೆಯ ಮುಖವನ್ನೇ ನೋಡುತ್ತಿದ್ದರು.

ಬಹಳ ಹೊತ್ತಾದ ಮೇಲೆ ಅತ್ತೆ ಕೇಳಿದರು. “ಕೈ ಸೋತ್ವೇನ್ರಿ?”

“ಇಲ್ಲ ಬಿಡು, ನೀನು ಮಾಡ್ಕ್ಯ.”