ಕೊನೆಯ ರೆಕಾರ್ಡಿನ ನಂತರದ ರೆಕಾರ್ಡು

“ಇನ್ನೊಂದೇ ಒಂದು, ಕಸಿಲ್ದಾ. ಇದೇ ಕೊನೇದು.”

“ನಿನ್ನೆನೂ ಹೀಗೇ ಅಂದೆ. ಆಮೇಲೆ ಎದೆ ಉರಿ ಅಂತ ಒದ್ದಾಡಿದೆ.”

“ಅದು ಉರಿ ಅಲ್ಲ ಮಾರಾಯ್ತಿ, ಹಂಬಲ.”

“ಹಂಬಲವೋ ಹುಳಿತೇಗೋ! ಎಣ್ಣೆ ಮುಟ್ಟಬೇಡ ಅಂತ ಡಾಕ್ಟರು ಹೇಳಿಲ್ವಾ?”

“ಎಣ್ಣೆ ಯಾಕೆ? ತಂತಿ ಹೊಸದೇ ಇದೆ.”

ಬಾಣಲೆಯಲ್ಲಿ ಬದನೆಕಾಯಿ ಹೋಳು ಕರಿಯುತ್ತಿದ್ದ ಕಸಿಲ್ದಾ ತಿರುಗಿ ನೋಡಿದಳು. ಗಂಡ ಕೇಳುತ್ತಿರುವುದು ಬದನೆಕಾಯಿಯನ್ನಲ್ಲ, ಇನ್ನೊಂದು ರೆಕಾರ್ಡನ್ನು ಎಂದು ಆಗ ಅವಳಿಗೆ ಹೊಳೆಯಿತು.

ಸ್ಪೇನಿನ ಗ್ರನಾಡಾದ ಎವಾರಿಸ್ತೊ ನಲವತ್ತು ವರ್ಷ ವೇದಿಕೆಯ ಮೇಲೆ ಒಬ್ಬನೇ ಕೂತು ಗಿಟಾರ್ ನುಡಿಸಿದವನು. ಜೊತೆಗೆ ಹಾಡುವವರಿಲ್ಲ, ತಾಳ ಹಾಕುವವರಿಲ್ಲ. ತಪ್ಪಿದರೆ ಮುಚ್ಚಿಹಾಕುವವರೂ ಇಲ್ಲ. ಹೋದ ತಿಂಗಳು ವಿದಾಯದ ರೆಕಾರ್ಡು ಮುಗಿಸಿ, ಗೆಳೆಯರ ಮುಂದೆ ಕಣ್ಣೊರೆಸಿಕೊಂಡು ನಿವೃತ್ತನಾಗಿದ್ದ. ಅದನ್ನು ಮನೆಯಲ್ಲಿ ಹಾಕಿ ಕೇಳಿದಾಗಿನಿಂದ ಮಾತ್ರ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ವಿದಾಯ ಹೇಳಿದವನು ಬಾಗಿಲಲ್ಲೇ ನಿಂತಿದ್ರೆ ಜನ ಏನಂದಾರು?”

“ಟೋಪಿ ಹುಡುಕ್ತಿದಾನೆ ಅಂದ್ಕೋತಾರೆ ಬಿಡು.”

“ಸರಿ, ಹುಡುಕೋದರ ನಡುವೆ ಈ ಮೀನಿನ ಡಬ್ಬಿಯ ಮುಚ್ಚಳ ತೆಗೆದುಕೊಡು.”

ಎವಾರಿಸ್ತೊ ರೂಢಿಯಂತೆ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿದ. ಆ ಕೈಯ ಉದ್ದನೆಯ ಉಗುರು ತಂತಿ ಮೀಟಲು ಮೀಸಲು. ಮದುವೆಯಾದಂದಿನಿಂದ ಅದು ಒಂದು ಡಬ್ಬಿ ತೆಗೆದಿಲ್ಲ, ಒಂದು ಪಾತ್ರೆ ತಿಕ್ಕಿಲ್ಲ.

“ಉಗುರು...”

“ನೀನು ನಿವೃತ್ತ, ಉಗುರಿಗಿನ್ನೂ ನೌಕರಿಯಾ?”

ಅವಳು ನೇಲ್ ಕಟರ್ ತಂದು ಎದುರು ಕೂತಳು. ಸೋತವನಂತೆ ಅವನು ಕೈ ಚಾಚಿದ. ಹೆಬ್ಬೆರಳಿಗೆ ತಣ್ಣನೆಯ ಕಬ್ಬಿಣ ತಾಗಿದ್ದೇ ತಡ, ಬಾಯಿಬಿಟ್ಟ.

“ಆ ರೆಕಾರ್ಡಲ್ಲಿ ಒಂದು ತಪ್ಪೂ ಇಲ್ಲ, ಕಸಿಲ್ದಾ. ತಪ್ಪಾಗಬಾರದು ಅಂತ ಹೆದರಿ ಹೆದರಿ ನುಡಿಸಿದೀನಿ. ನಾನು ಹೋದ ಮೇಲೆ ಆ ಹೆದರಿಕೆ ಒಂದೇ ಉಳೀಬಾರದು.”

ಕಸಿಲ್ದಾ ಸ್ವಲ್ಪ ಹೊತ್ತು ಅವನ ಬೆರಳು ಹಿಡಿದೇ ಇದ್ದಳು. ಆಮೇಲೆ ಕಟರನ್ನು ಜೇಬಿಗೆ ಹಾಕಿಕೊಂಡಳು.

“ನನಗೂ ಹಾಗೇ ಕೇಳಿಸ್ತು.”

“ಮತ್ಯಾಕೆ ಹೇಳಲಿಲ್ಲ?”

“ನೀನು ನನ್ನನ್ನ ಕೇಳಲಿಲ್ಲ. ಲಿಯಾಂದ್ರೊ ಕೇಳಿದ.”

ಲಿಯಾಂದ್ರೊ ಅವನ ರೆಕಾರ್ಡುಗಳನ್ನೆಲ್ಲ ಹೊರತಂದವನು. ಸೋಮವಾರ ಫೋನ್ ಮಾಡಿದ್ದನಂತೆ. ಇನ್ನೊಂದು ಮಾಡೋಣವೇ, ನಿಮ್ಮ ಯಜಮಾನರನ್ನು ಕೇಳಲು ಧೈರ್ಯವಿಲ್ಲ ಎಂದಿದ್ದನಂತೆ.

“ನೀನೇನಂದೆ?”

“ಅಕ್ಟೋಬರಿಗೆ ಸ್ಟುಡಿಯೋ ಹಿಡಿದಿಡು ಅಂದೆ.”

“ಮತ್ತೆ ಇಷ್ಟು ಹೊತ್ತು ನನ್ನನ್ನ ಯಾಕೆ ಗೋಳು ಹುಯ್ಕೊಂಡೆ?”

“ನಿಜವಾಗಿ ಆಸೆ ಇದೆಯೋ, ಹೊತ್ತು ಹೋಗದೆ ಕೇಳ್ತಿದೀಯೋ, ನೋಡಬೇಕಿತ್ತು.”

ಎವಾರಿಸ್ತೊನ ಕಣ್ಣು ತುಂಬಿ ಬಂತು. ಎದ್ದು ಅವಳ ಹಣೆಗೆ ಮುತ್ತಿಟ್ಟ.

“ನನ್ನ ಸಂಗೀತದ ಮೇಲೆ ನಿನಗೆ ಇಷ್ಟೊಂದು ನಂಬಿಕೆಯಾ?”

“ಸಂಗೀತದ ಮಾತು ಆಮೇಲೆ. ನಲವತ್ತು ವರ್ಷ ದಿನಾ ಒಳಕೋಣೆ ಬಾಗಿಲು ಹಾಕ್ಕೊಂಡು ಅಭ್ಯಾಸ ಮಾಡ್ತಿದ್ದೆ, ಸಂಸಾರ ಚೆನ್ನಾಗಿತ್ತು. ಈಗೊಂದು ತಿಂಗಳಿಂದ ಒಲೆ ಪಕ್ಕ ನಿಂತು, ಉಪ್ಪು ಎಷ್ಟು ಹಾಕಬೇಕು ಅಂತ ನನಗೆ ಪಾಠ ಹೇಳ್ತಿದೀಯ.”